ಅನ್ನವಿಟ್ಟವರ ಋಣ

ನಾಯಿಯ ಗುಣವನ್ನು ಹೊಗಳಬೇಕಾದಾಗ, ಅದು ತಿಂದ ಅನ್ನದ ಋಣವನ್ನು ಮರೆಯದೆಂದು ನಮ್ಮ ಜನರು ಹೇಳುವುದುಂಟು. ಉಂಡವನ ಮೇಲೆ ಋಣ, ಇಕ್ಕಿದವನಿಗೆ ಪುಣ್ಯ ಎಂಬುದು ಈ ಮಾತಿನ ಹಿಂದಿರುವ ಲೆಕ್ಕ. ಮನುಷ್ಯ ಮನುಷ್ಯರೊಳಗೆ ಈ ಲೆಕ್ಕವು ಸರಿಯಿರಬಹುದು. ನಾಯಿ ಬೆಕ್ಕುಗಳ ವಿಷಯದಲ್ಲಿ ಮಾತ್ರ ಇದನ್ನು ತಲೆಕೆಳಗುಮಾಡಿ ಓದಬೇಕೆಂದು ನಮಗೆ ತೋರುತ್ತದೆ. ಮೂಕಪ್ರಾಣಿಗೆ ಅನ್ನವಿಟ್ಟವನೇ ಸಾಲಗಾರನಾಗುತ್ತಾನೆ. ಆ ಸಾಲವು ಇನ್ನಷ್ಟು ಅನ್ನವಿಡುವುದರಿಂದ ತೀರತಕ್ಕದ್ದಲ್ಲ. ಕಾಲಕಾಲಕ್ಕೆ ಹಾಕಿಸಬೇಕಾದ ಸೂಜಿಮದ್ದೂ ಅದರಲ್ಲಿ ಸೇರಿದೆ. ಈ ಮಾತು ಹೇಗೆ ನಿಲ್ಲುವುದೆಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಕೆಂಗೇರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂದು ಬೆಂಗಳೂರಿನೊಳಗೆ ಸೇರಿಹೋಗಿದ್ದರೂ ಅದು ಮೈಸೂರಿಗೆ ಹೋಗುವ ದಾರಿಯ ಮೇಲಿನ ಹಳೆಯ ಊರು. ಊರು ಚಿಕ್ಕದಾಗಿದ್ದಾಗ ನಾಯಿಯು ಯಾರೊಬ್ಬರದೂ ಆಗಿರದೆ ಕೇರಿಯದಾಗಿತ್ತು. ಹತ್ತು ಮನೆಯ ಮುಸುರೆಯನ್ನು ತಿಂದು, ಹಗಲು ಹೊಲದ ಕಡೆ ಅಲೆದು, ಇರುಳು ಕೇರಿಯನ್ನು ಕಾಯುತ್ತಿತ್ತು. ಬಳಿಕ ಉಪನಗರವೆದ್ದಿತು, ಬಡಾವಣೆಗಳಾದವು, ೨೦೨೧ನೆಯ ಇಸವಿ ಆಗಸ್ಟಿನಲ್ಲಿ ಮೆಟ್ರೋ ರೈಲೂ ಬಂದಿತು. ಈಗ ಗೇಟಿನ ಒಳಗೊಂದು ನಾಯಿ, ಹೊರಗೆ ನಾಲ್ಕು ನಾಯಿ. ಒಳಗಿನದಕ್ಕೆ ಹೆಸರುಂಟು, ಕೊರಳಪಟ್ಟಿಯುಂಟು, ಕೆಲವು ಮನೆಗಳಲ್ಲಿ ವೈದ್ಯರ ಚೀಟಿಯೂ ಉಂಟು. ಹೊರಗಿನವಕ್ಕೆ ಸಂಜೆಯ ಹೊತ್ತು ಒಂದು ಪೊಟ್ಟಣ ಬಿಸ್ಕತ್ತು, ಉಳಿದ ಅನ್ನ. ಇಕ್ಕುವವರು ದಯಾಳುಗಳೇ ಸರಿ. ಅವರನ್ನು ಹಾಸ್ಯಮಾಡುವುದು ನಮ್ಮ ಇಚ್ಛೆಯಲ್ಲ. ಆದರೆ ಆ ದಯೆಯು ಮುಂದೆ ಏನನ್ನು ಮಾಡುತ್ತದೆಂಬುದನ್ನು ನೋಡದೆ ಇರಲಾಗದು.

ದಿನವೂ ಒಂದೇ ಬಾಗಿಲಲ್ಲಿ ಅನ್ನ ದೊರೆತ ನಾಯಿ ಆ ಬಾಗಿಲನ್ನು ಬಿಟ್ಟುಹೋಗದು. ಅಲ್ಲಿಯೇ ಮಲಗುವುದು, ಅಲ್ಲಿಯೇ ಮರಿಹಾಕುವುದು, ಮಕ್ಕಳು ಶಾಲೆಗೆ ಹೋಗುವ ದಾರಿಯನ್ನೇ ತನ್ನ ಸೀಮೆಯೆಂದು ತಿಳಿದು ಕಾಯುವುದು. ನಾವಿಕ್ಕಿದ ತುತ್ತೇ ಅದನ್ನು ಅಲ್ಲಿ ನೆಲೆಗೊಳಿಸಿತು. ಪಕ್ಕದ ಬೀದಿಯ ನಾಯಿಗಳೊಡನೆ ಕಚ್ಚಾಡುವ ಸಂದರ್ಭವನ್ನೂ, ಮಕ್ಕಳ ಕೈಗೆ ನಿಲುಕುವ ಸಲಿಗೆಯನ್ನೂ ಅದಕ್ಕೆ ಒದಗಿಸಿತು. ಇಷ್ಟಾದಮೇಲೆ ಅದಕ್ಕೆ ಹುಚ್ಚು ಹತ್ತಿದರೆ, ಅಥವಾ ಅದರ ಮರಿಗಳು ರಕ್ತಭೇದಿಯಿಂದ ಒಂದೊಂದಾಗಿ ಸತ್ತರೆ, “ಅದು ಬೀದಿಯ ನಾಯಿ” ಎಂದು ಕೈತೊಳೆದುಕೊಳ್ಳುವ ಅಧಿಕಾರವು ನಮಗೆ ಉಳಿದಿರುವುದೆ? ಸಂಬಂಧವನ್ನು ನಾವೇ ಬೆಳೆಸಿ, ಕಷ್ಟಕಾಲದಲ್ಲಿ ಮಾತ್ರ ಸಂಬಂಧವಿಲ್ಲವೆನ್ನುವುದು ಯಾವ ನ್ಯಾಯ?

ನಮ್ಮ ಹಿರಿಯರು ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ನಾಯಿಗೂ ಕಾಗೆಗೂ ಕ್ರಿಮಿಗೂ ಅನ್ನವನ್ನಿಟ್ಟ ಬಳಿಕ ತಾನು ಉಣ್ಣಬೇಕೆಂಬುದು ವಿಧಿ. ಇದನ್ನು ಅವರು ನಿತ್ಯಕರ್ಮಗಳಲ್ಲಿ ಎಣಿಸಿದರೆಂಬುದು ಗಮನಿಸತಕ್ಕ ಸಂಗತಿ. ನಿತ್ಯಕರ್ಮವನ್ನು ಮಾಡಿದವನು ಬೀಗಬೇಕಾದುದಿಲ್ಲ, ಬಿಟ್ಟವನಿಗೆ ದೋಷವುಂಟು. ಮಹಾಭಾರತವಂತೂ ನಾಯಿಯ ಕಥೆಯಿಂದ ಮೊದಲಾಗಿ ನಾಯಿಯ ಕಥೆಯಲ್ಲಿಯೇ ಮುಗಿಯುವುದೆಂದರೆ ಹೆಚ್ಚು ತಪ್ಪಾಗದು. ತನ್ನನ್ನು ನಂಬಿ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆ ಎಲ್ಲರಿಗೂ ಗೊತ್ತಿರತಕ್ಕದ್ದೇ. ಆದಿಪರ್ವದ ಸರಮೆಯ ಕಥೆ ಅಷ್ಟು ಪ್ರಸಿದ್ಧವಲ್ಲ. ಜನಮೇಜಯನ ಸತ್ರ ನಡೆಯುತ್ತಿದ್ದ ಕಡೆಗೆ ಬಂದ ನಾಯಿಮರಿಯೊಂದನ್ನು ಅವನ ಸಹೋದರರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಅದರ ಕಡೆಗೆ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಬಂದು ಕಾರಣವನ್ನು ಕೇಳಿದಾಗ ಅವರಲ್ಲಿ ಯಾರೂ ಉತ್ತರಕೊಡಲಿಲ್ಲ. ಕಣ್ಣಿಗೆ ಕಾಣದ ಭಯವೊಂದು ನಿಮಗೆ ಬರಲಿ ಎಂದು ಆಕೆ ಶಪಿಸಿ ಹೋದಳು.

ಕಾಣದ ಭಯವೆಂಬ ಮಾತಿಗೆ ಹುಚ್ಚುನಾಯಿಯ ರೋಗಕ್ಕಿಂತ ಚೆನ್ನಾಗಿ ಒಪ್ಪುವ ಅರ್ಥವನ್ನು ನಾವರಿಯೆವು. ಕಚ್ಚಿದ ಗಾಯದಿಂದ ವಿಷಾಣುವು ನರದ ದಾರಿಯನ್ನು ಹಿಡಿದು ಮೆಲ್ಲಮೆಲ್ಲನೆ ಮೆದುಳಿಗೆ ಏರುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುವುದು. ಅಪರೂಪಕ್ಕೆ ಒಂದು ವಾರ, ಅಪರೂಪಕ್ಕೆ ಒಂದು ವರ್ಷಕ್ಕೂ ಮೇಲೆ. ಗಾಯ ಮಾಯ್ದು ಮರೆತುಹೋದಮೇಲೆ ರೋಗವು ತಲೆಯೆತ್ತುತ್ತದೆ. ಒಮ್ಮೆ ಲಕ್ಷಣಗಳು ತೋರಿದ ಬಳಿಕ ಬದುಕಿದವರು ಪ್ರಪಂಚದಲ್ಲೆಲ್ಲ ಬೆರಳೆಣಿಕೆಯಷ್ಟು ಜನ. ನಾಯಿಯ ಜೊಲ್ಲಿನಲ್ಲಾದರೋ ಅದಕ್ಕೆ ಹುಚ್ಚು ಕಾಣಿಸಿಕೊಳ್ಳುವುದಕ್ಕೆ ಕೆಲವು ದಿನ ಮುಂಚಿತವಾಗಿಯೇ ವಿಷಾಣುವು ಸೇರಿರುತ್ತದೆ. ನಿನ್ನೆಯವರೆಗೆ ಬಾಲವಾಡಿಸುತ್ತಿದ್ದ ನಾಯಿಯೇ ಇಂದು ಮೃತ್ಯುವನ್ನು ಹೊತ್ತಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗದಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನರು ಸಾಯುವರೆಂದು ಅಂದಾಜುಮಾಡಿದೆ. ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ನಮ್ಮ ದೇಶದವರು. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆ ಕೂಡಲೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು, ವಿಷಯಾಂತರವಾದರೂ, ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಈ ರೋಗದ ಔಷಧದ ಚರಿತ್ರೆಯಲ್ಲಿಯೂ ಪ್ರಾಣಿಗಳ ಋಣವೇ ಕಾಣುತ್ತದೆ. ೧೮೮೫ನೆಯ ಇಸವಿ ಜುಲೈ ೬ನೆಯ ತಾರೀಖು ಪಾಸ್ಟರ್ ಮಹಾಶಯನು ಕಚ್ಚಿಸಿಕೊಂಡ ಹುಡುಗನೊಬ್ಬನಿಗೆ ಲಸಿಕೆಯನ್ನು ಹಾಕಿಸಿದುದು ಲೋಕಪ್ರಸಿದ್ಧವಾಗಿದೆ. ಆ ಹುಡುಗನಿಗಿಂತ ಮೊದಲು ಆ ಲಸಿಕೆಯನ್ನು ತಾಳಿಕೊಂಡು ಅದರ ಗುಣವನ್ನು ತೋರಿಸಿಕೊಟ್ಟವು ನಾಯಿಗಳು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂದು ನಮ್ಮ ಮನೆಗಳಲ್ಲಿ ಮಕ್ಕಳನ್ನು ಹೆದರಿಸುತ್ತಿದ್ದ ಆ ಹಳೆಯ ಔಷಧವನ್ನು ಕುರಿಗಳ ಮೆದುಳಿನಿಂದ ತಯಾರಿಸುತ್ತಿದ್ದರು. ದಕ್ಷಿಣದವರಿಗೆ ಅದು ೧೯೦೭ರಲ್ಲಿ ಸ್ಥಾಪಿತವಾದ ಕೂನೂರಿನ ಪಾಸ್ಟರ್ ಸಂಸ್ಥೆಯಿಂದ ಬರುತ್ತಿತ್ತು. ೨೦೦೫ರ ವೇಳೆಗೆ ಅದರ ಬಳಕೆ ನಮ್ಮ ದೇಶದಲ್ಲಿ ನಿಂತುಹೋಗಿ, ಈಗ ತೋಳಿಗೆ ಹಾಕುವ ಕೆಲವೇ ಸೂಜಿಗಳಲ್ಲಿ ಕೆಲಸವಾಗುತ್ತದೆ. ನಾಯಿಯಿಂದ ಪರೀಕ್ಷಿಸಿ ಪಡೆದ ರಕ್ಷೆಯನ್ನು ನಾಯಿಗೆ ಕೊಡಲು ನಾವು ಹಿಂದುಮುಂದು ನೋಡುತ್ತಿರುವೆವೆಂಬುದು ವಿಚಿತ್ರವಲ್ಲವೆ?

ಇಲ್ಲಿ ಒಂದು ಆಕ್ಷೇಪವುಂಟು. ಅದು ಬಲವಾದ ಆಕ್ಷೇಪವೆಂದೇ ನಮ್ಮ ಅಭಿಪ್ರಾಯ. ನಾಯಿಗೆ ಸೂಜಿಮದ್ದು ಹಾಕಿಸುವುದು ನಾಯಿಗಾಗಿಯೋ ನಮಗಾಗಿಯೋ? ನಮ್ಮ ಮಕ್ಕಳನ್ನು ಕಾಪಾಡಿಕೊಳ್ಳಲು ನಾಯಿಯ ಮೈಗೆ ಸೂಜಿಯನ್ನು ಚುಚ್ಚಿ, ಅದಕ್ಕೆ ದಯೆಯೆಂದು ಹೆಸರಿಡುವುದು ಆತ್ಮವಂಚನೆಯಲ್ಲವೆ? ಹುಚ್ಚಿನ ರೋಗವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಇದರಲ್ಲಿ ಬಹಳಮಟ್ಟಿಗೆ ಸತ್ಯವಿದೆ. ಒಂದೂರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುವುದೆಂದು ಬಲ್ಲವರು ಹೇಳುತ್ತಾರೆ. ನೆರೆಯ ಗೋವೆಯಲ್ಲಿ ೨೦೧೪ರಿಂದ ಹಟಹಿಡಿದು ಈ ಕೆಲಸವನ್ನು ಮಾಡಿದರು. ೨೦೧೮, ೨೦೧೯ನೆಯ ವರ್ಷಗಳಲ್ಲಿ ಅಲ್ಲಿ ಈ ರೋಗದಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ. ಅಲ್ಲಿ ನಾಯಿಯೂ ಉಳಿಯಿತು. ಆದರೆ ಲೆಕ್ಕವಿಟ್ಟದ್ದು ಮನುಷ್ಯರದೇ.

ಆದರೆ ನಾಯಿಮರಿಗೆ ಹಾಕುವ ಇತರ ಲಸಿಕೆಗಳನ್ನು ನೋಡಿರಿ. ರಕ್ತಭೇದಿಯನ್ನು ತರುವ ಪಾರ್ವೊ ಎಂಬ ರೋಗವೂ, ಶ್ವಾಸಕೋಶವನ್ನೂ ನರಗಳನ್ನೂ ಕೆಡಿಸುವ ಡಿಸ್ಟೆಂಪರ್ ಎಂಬ ರೋಗವೂ ನಾಯಿಯಿಂದ ಮನುಷ್ಯನಿಗೆ ಅಂಟತಕ್ಕವಲ್ಲ. ಅವುಗಳನ್ನು ತಡೆಯುವುದರಿಂದ ನಮಗೆ ಮೂರು ಕಾಸಿನ ಲಾಭವೂ ಇಲ್ಲ. ಮರಿಯು ಹುಟ್ಟಿದ ಆರೆಂಟು ವಾರಗಳಿಗೆ ಮೊದಲನೆಯದನ್ನು ಹಾಕಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಮತ್ತೆ ಮತ್ತೆ ಹದಿನಾರು ವಾರಗಳವರೆಗೂ ಹಾಕಿಸಬೇಕು. ಅಷ್ಟು ಸಲವೇಕೆಂದು ಗೊಣಗುವವರುಂಟು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷೆಯು ಮರಿಯ ರಕ್ತದಲ್ಲಿರುವವರೆಗೆ ಅದು ಲಸಿಕೆಯನ್ನೂ ಶತ್ರುವೆಂದೇ ತಿಳಿದು ಕೆಡಿಸಿಬಿಡುತ್ತದೆ. ಆ ರಕ್ಷೆಯು ಯಾವ ಮರಿಯಲ್ಲಿ ಯಾವ ವಾರ ಕರಗುವುದೆಂದು ಹೇಳಬರುವುದಿಲ್ಲ. ತಾಯಿಯ ಕೈ ಬಿಟ್ಟುಹೋಗುವ ಗಳಿಗೆಗೆ ಸರಿಯಾಗಿ ನಮ್ಮ ಕೈ ಅಲ್ಲಿರಬೇಕೆಂದೇ ಈ ಪುನರಾವರ್ತನೆ. ಹುಚ್ಚಿನ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಮುಂದುವರಿಸುವುದು ನಮ್ಮಲ್ಲಿ ರೂಢಿ.

ಬೆಂಗಳೂರಿನ ಪಾಲಿಕೆಯು ೨೦೨೫ರಲ್ಲಿ ಬೀದಿಯ ನಾಯಿಗಳಿಗೂ ಹುಚ್ಚಿನ ಲಸಿಕೆಯ ಜೊತೆಗೆ ಈ ಸಂಯುಕ್ತ ಲಸಿಕೆಯನ್ನು ಹಾಕಿಸುವ ಕೆಲಸವನ್ನು ಕೈಗೊಂಡಿತು. ಖರ್ಚಿನ ಬಗ್ಗೆ ಟೀಕೆಗಳು ಬರುವುದು ಸಹಜವೇ. ಆದರೆ ನೀತಿಯ ದೃಷ್ಟಿಯಿಂದ ಅದು ಸಣ್ಣ ಸಂಗತಿಯಲ್ಲ. ಒಂದು ಪಟ್ಟಣವು ತನಗೆ ಪ್ರಯೋಜನವಿಲ್ಲದ ರೋಗದಿಂದ, ಯಾರಿಗೂ ಸೇರದ ನಾಯಿಯನ್ನು ಕಾಪಾಡಲು ಹೊರಟಿತು. ಮೇಲಿನ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರವು ಸಿಕ್ಕುವುದು ಕಷ್ಟ.

ಮದ್ದೂರಿನ ಬಳಿಯ ಆತಕೂರಿನ ಶಾಸನವನ್ನು ಇಲ್ಲಿ ನೆನೆಯಬೇಕು. ಸುಮಾರು ಸಾವಿರದ ಎಪ್ಪತ್ತು ವರ್ಷಗಳ ಹಿಂದೆ, ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಮಣಲೆರನೆಂಬ ವೀರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಂದರೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿಯಿತು. ಮಣಲೆರನು ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ನಾಯಿಯ ಋಣವನ್ನು ಒಪ್ಪಿಕೊಂಡವರು ನಮ್ಮ ನಾಡಿನಲ್ಲಿ ಇದ್ದರೆಂಬುದಕ್ಕೆ ಆ ಕಲ್ಲು ಸಾಕ್ಷಿ. ಆದರೆ ಆ ಗೌರವವು ಸತ್ತಮೇಲಿನದು. ಬದುಕಿರುವ ನಾಯಿಗೆ ಸಲ್ಲಿಸುವ ಋಣದಲ್ಲಿ ಅಂಥ ವೈಭವವಿಲ್ಲ; ಬಾರದೆ ಹೋದ ರೋಗವನ್ನು ಯಾರೂ ಕಾಣುವುದಿಲ್ಲ, ಅದಕ್ಕೆ ಕಲ್ಲನ್ನೂ ನೆಡಿಸುವುದಿಲ್ಲ.

ಇನ್ನು, ಇದೆಲ್ಲ ಪಾಲಿಕೆಯ ಕೆಲಸ, ನಮಗೇಕೆ, ಎನ್ನುವವರಿದ್ದಾರೆ. ೨೦೨೩ರ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು ೨ ಲಕ್ಷ ೭೯ ಸಾವಿರವಿದ್ದವು. ಅವುಗಳನ್ನು ಪ್ರತಿವರ್ಷವೂ ಹಿಡಿಯಬೇಕು. ಬಲೆಯನ್ನು ಹಿಡಿದು ಬಂಡಿಯಿಂದ ಇಳಿದವನನ್ನು ಕಂಡರೆ ನಾಯಿಯು ಮೂರು ಬೀದಿ ದಾಟಿ ಓಡುತ್ತದೆ; ಬಿಸ್ಕತ್ತಿನ ಪೊಟ್ಟಣವನ್ನು ಹಿಡಿದವರನ್ನು ಕಂಡರೆ ತಾನಾಗಿ ಹತ್ತಿರ ಬರುತ್ತದೆ. ಪಾಲಿಕೆಯ ಹಣದಿಂದ ಕೊಳ್ಳಲಾಗದ ಒಂದು ವಸ್ತು ಅನ್ನವಿಕ್ಕುವವರ ಕೈಯಲ್ಲಿದೆ. ಅದು ನಾಯಿಯ ನಂಬಿಕೆ.

ಈ ನಂಬಿಕೆಯನ್ನು ಬಳಸಿಕೊಂಡು ಅದನ್ನು ಹಿಡಿದುಕೊಟ್ಟು ಚುಚ್ಚಿಸುವುದು ದ್ರೋಹವಾಗದೆ ಎಂದು ಕೋಮಲಹೃದಯರು ಕೇಳುವುದುಂಟು. ಪ್ರಶ್ನೆಯು ಹುಡುಗಾಟದ್ದಲ್ಲ. ನಾಯಿಗೆ ಗೊತ್ತಾಗುವುದು ನೋವು ಮಾತ್ರ. ಅದರ ಪ್ರಯೋಜನವು ಅದಕ್ಕೆ ಎಂದೆಂದಿಗೂ ತಿಳಿಯದು. ಮಗುವಾದರೆ ದೊಡ್ಡದಾದಮೇಲೆ ತಿಳಿದುಕೊಳ್ಳುವುದು. ಹಿಂದೆ ಸಿಡುಬಿಗೆ ದಾಕು ಹಾಕುವವನು ಊರಿಗೆ ಬಂದರೆ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಟ್ಟ ತಾಯಂದಿರಿದ್ದರು, ಅಳುವ ಮಗುವನ್ನು ತಾವೇ ತೊಡೆಯ ಮೇಲೆ ಅದುಮಿ ಹಿಡಿದ ತಾಯಂದಿರೂ ಇದ್ದರು. ದೊಡ್ಡವನಾದ ಮಗ ಎರಡನೆಯ ತಾಯಿಯನ್ನು ಕ್ಷಮಿಸಿದನು. ನಾಯಿಯಿಂದ ಅಂಥ ಕ್ಷಮೆ ದೊರೆಯುವ ಸಂಭವವಿಲ್ಲ; ಕೆಲವು ದಿನ ಅದು ನಮ್ಮನ್ನು ಕಂಡು ದೂರ ನಿಲ್ಲಲೂಬಹುದು. ಈ ದೂರವನ್ನು ಸಹಿಸಲಾರದೆ ಸೂಜಿಯನ್ನು ತಪ್ಪಿಸುವವರು ನಾಯಿಯ ಪ್ರಾಣಕ್ಕಿಂತ ಅದರ ಬಾಲದಾಟವನ್ನು ಹೆಚ್ಚು ಪ್ರೀತಿಸಿದಂತಾಯಿತು. ನಮ್ಮ ಮಟ್ಟಿಗೆ ಹೇಳುವುದಾದರೆ, ಆ ಪ್ರಾಣಿಗೆ ನೋವುಕೊಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಅನ್ನವಿಟ್ಟವರಿಗೇ ಇದೆ. ಅಪರಿಚಿತನ ಕೈಯಲ್ಲಿ ಅದೇ ನೋವಿನೊಡನೆ ಭಯವೂ ಸೇರುತ್ತದೆ.

ಲಸಿಕೆಯಿಂದ ನಾಯಿಯು ಕಚ್ಚುವುದನ್ನು ಬಿಡುವುದಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ೨೦೦೭ರ ಆರಂಭದಲ್ಲಿ ಬೆಂಗಳೂರಿನಲ್ಲಿ ಎರಡು ಎಳೆಯ ಮಕ್ಕಳು ಬೀದಿನಾಯಿಗಳ ಬಾಯಿಗೆ ಸಿಕ್ಕಿ ಸತ್ತುವು. ಆ ತಾಯ್ತಂದೆಗಳ ಮುಂದೆ ನಿಂತು ಭೂತದಯೆಯ ಉಪನ್ಯಾಸ ಮಾಡುವ ಧೈರ್ಯ ಯಾರಿಗೂ ಬರಬಾರದು. ೨೦೨೫ನೆಯ ಇಸವಿ ಆಗಸ್ಟ್ ೨೨ರಂದು ಸರ್ವೋಚ್ಚ ನ್ಯಾಯಾಲಯವು, ಲಸಿಕೆಯೂ ಸಂತಾನಹರಣ ಚಿಕಿತ್ಸೆಯೂ ಆದ ನಾಯಿಗಳನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದೂ, ಹುಚ್ಚು ಹತ್ತಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಡಕೂಡದೆಂದೂ, ಗೊತ್ತುಮಾಡಿದ ಎಡೆಗಳಲ್ಲಿಯೇ ಅನ್ನವಿಡಬೇಕೆಂದೂ ಆದೇಶಿಸಿದಾಗ ಎರಡು ಪಕ್ಷದವರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಆ ಆದೇಶದಲ್ಲಿ ನಾವು ಹೇಳುತ್ತಿರುವ ಮಾತಿನ ನೆರಳಿದೆ: ಎಲ್ಲಿ ಬೇಕಾದರೂ ಅನ್ನವಿಟ್ಟು ಹೊರಟುಹೋಗುವ ಸ್ವಾತಂತ್ರ್ಯವು ಇಕ್ಕುವವನಿಗಿಲ್ಲ.

ಬೆಕ್ಕಿನ ವಿಷಯವನ್ನು ಕಡೆಗೆ ಇಟ್ಟುಕೊಂಡೆವು; ಲೋಕವೂ ಹಾಗೆಯೇ ಮಾಡಿದೆ. ಮನೆಯೊಳಗೇ ಇರುವ ಬೆಕ್ಕಿಗೆ ಲಸಿಕೆ ಏತಕ್ಕೆಂಬುದು ಓದಿದವರ ಮನೆಗಳಲ್ಲಿಯೂ ಕೇಳಿಬರುವ ಮಾತು. ಬೆಕ್ಕುಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗದ ವಿಷಾಣುವು ಮನೆಯವರ ಪಾದರಕ್ಷೆಗೆ ಅಂಟಿಕೊಂಡು ಒಳಗೆ ಬರಬಲ್ಲದು. ೨೦೨೩ರ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಬನ್ನೇರುಘಟ್ಟದ ಜೈವಿಕ ಉದ್ಯಾನದಲ್ಲಿ ಏಳು ಚಿರತೆಮರಿಗಳನ್ನು ಕೊಂದದ್ದು ಇದೇ ರೋಗ. ಅವಕ್ಕೆ ಲಸಿಕೆಯಾಗಿತ್ತು; ಆದರೂ ಉಳಿಯಲಿಲ್ಲ. ಲಸಿಕೆಯನ್ನು ಹಾಕಿಸಿದ ಮಾತ್ರಕ್ಕೆ ಮೃತ್ಯುವಿನೊಡನೆ ಕರಾರುಪತ್ರವಾಯಿತೆಂದು ಯಾರೂ ತಿಳಿಯಬಾರದು. ಆದರೆ ಲಸಿಕೆಯೇ ಇಲ್ಲದ ಮರಿಗೆ ಆ ರೋಗದೆದುರು ನಿಲ್ಲುವ ಶಕ್ತಿ ಇನ್ನೆಷ್ಟಿದ್ದೀತು?

ನಾಯಿಗಳನ್ನು ಎಣಿಸಿದ ಪಾಲಿಕೆಯ ಪಟ್ಟಿಯಲ್ಲಿ ಬೆಕ್ಕು ಸೇರಿರಲಿಲ್ಲ. ಅದು ಎಣಿಕೆಗೆ ಸಿಕ್ಕತಕ್ಕ ಪ್ರಾಣಿಯೂ ಅಲ್ಲ. ಬೆಳಗ್ಗೆ ಒಂದು ಮನೆಯಲ್ಲಿ ಹಾಲು, ಮಧ್ಯಾಹ್ನ ಹಿಂದಿನ ಬೀದಿಯ ಮನೆಯಲ್ಲಿ ಮೊಸರನ್ನ, ರಾತ್ರಿ ಮೂರನೆಯವರ ಅಟ್ಟದ ಮೇಲೆ ನಿದ್ರೆ. ಮೂರು ಮನೆಗಳಲ್ಲಿ ಅದಕ್ಕೆ ಮೂರು ಹೆಸರು. ಮೂವರೂ ಅದನ್ನು ತಮ್ಮ ಬೆಕ್ಕೆಂದೇ ಹೇಳಿಕೊಳ್ಳುವರು. ವೈದ್ಯರ ಬಳಿಗೆ ಕರೆದೊಯ್ದಿರೇ ಎಂದು ಕೇಳಿದರೆ ಮಾತ್ರ ಮೂವರೂ ಉಳಿದಿಬ್ಬರ ಮನೆಯ ಕಡೆಗೆ ಕೈತೋರಿಸುವರು.