ಹೊಸ ತರಗತಿಯ ಹಂಬಲ

ಜೂನ್ ತಿಂಗಳು ಬಂದಿತೆಂದರೆ ನಮ್ಮ ಮಕ್ಕಳು “ಈ ವರುಷ ನಾನು ಬೇರೆಯವನಾಗುವೆನು” ಎಂದು ನಿಶ್ಚಯಿಸಿಕೊಂಡು ಹೈಸ್ಕೂಲಿನ ಹೊಸ ತರಗತಿಯನ್ನು ಪ್ರವೇಶಿಸುತ್ತಾರೆ. ಹಿರಿಯರು ಇದನ್ನು ಕೇಳಿ ನಗುವುದುಂಟು. ನಗತಕ್ಕದ್ದಲ್ಲ, ಹಂಬಲವಿಲ್ಲದೆ ಬೆಳೆದವರಾರು? ಆದರೆ ‘ಬೇರೆಯವನಾಗುವುದು’ ಎಂದರೇನೆಂಬುದನ್ನು ವಿಚಾರಿಸಬೇಕಾಗಿದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅದರ ಶಾಲೆಗೆ ಪೋಡುಗಳಿಂದ ಸೋಲಿಗರ ಮಕ್ಕಳು ಬರುತ್ತಾರೆ. ಹೆಜ್ಜೇನಾವುದು, ತುಡುವೆಯಾವುದು, ಯಾವ ಗೆಡ್ಡೆಯನ್ನು ಎಂದು ಅಗೆಯಬೇಕು ಎಂಬುದು ಅವರ ಮನೆಯ ವಿದ್ಯೆ. ಅಂಥ ಬಾಲಕನೊಬ್ಬನು ಎಂಟನೆಯ ತರಗತಿಯಲ್ಲಿ ಕುಳಿತು, ತಾನು ಬೆಳೆಯಬೇಕಾದರೆ ತಂದೆಯ ತಿಳಿವಳಿಕೆಗೆ ನಾಚಬೇಕೆಂದು ಬಗೆದನಾದರೆ, ಅಂಕಗಳೆಷ್ಟು ಬಂದರೂ ಅವನು ಕಳೆದುಕೊಂಡುದೇ ಹೆಚ್ಚು. (ಪಟ್ಟಣದವರೂ ಇದಕ್ಕೆ ಹೊರತಲ್ಲ, ಅಜ್ಜಿಯ ಮಾತಿಗೆ ನಾಚುವ ವಿದ್ಯಾವಂತರನ್ನು ನಾವು ಕಾಣೆವೇ?)

ಇವೆರಡು ವಿದ್ಯೆಗಳೂ ಒಂದಕ್ಕೊಂದು ವೈರಿಯೆನ್ನುವವರು 2011ನೆಯ ಇಸವಿಯನ್ನು ನೆನೆಯಲಿ. ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಇಲ್ಲಿಯ ಸೋಲಿಗರಿಗೆ ಅಂದು ಸಾಮುದಾಯಿಕ ಹಕ್ಕುಗಳು ದೊರೆತವು. ಅರ್ಜಿಯನ್ನು ಬರೆಯಲು ಅಕ್ಷರ ಬೇಕಾಗಿದ್ದಿತು. ಪೂರ್ವಿಕರ ಯೆಲ್ಲೆಗಳನ್ನೂ ದೇವರ ನೆಲೆಗಳನ್ನೂ ತೋರಿಸಲು ಮುದುಕರ ನೆನಪು ಬೇಕಾಗಿದ್ದಿತು. ಒಂದನ್ನು ಬಿಟ್ಟು ಇನ್ನೊಂದರಿಂದ ಆ ಕಾರ್ಯವು ನೆರವೇರುತ್ತಿರಲಿಲ್ಲ.