ಹಕ್ ಹರಿದ ಕಾಗದ

ಅಮೆರಿಕದ ಹೈಸ್ಕೂಲುಗಳಲ್ಲಿ ಅನೇಕ ಮಕ್ಕಳು ಮಾರ್ಕ್ ಟ್ವೈನ್ ಬರೆದ ‘ಹಕಲ್‌ಬೆರಿ ಫಿನ್’ ಓದುತ್ತಾರೆ. ಅಲ್ಲಿ 1885ರಲ್ಲಿ ಬಂದ ಕಾದಂಬರಿ ಅದು. ಓಡಿಬಂದ ಗುಲಾಮ ಜಿಮ್ ಎಲ್ಲಿದ್ದಾನೆಂದು ಒಡತಿಗೆ ತಿಳಿಸಲು ಹುಡುಗ ಹಕ್ ಕಾಗದ ಬರೆಯುತ್ತಾನೆ. ಆಮೇಲೆ, ನರಕಕ್ಕೆ ಹೋದರೂ ಸರಿ ಎಂದು ಹರಿದುಹಾಕುತ್ತಾನೆ. “ಒಳ್ಳೆಯದು ಮಾಡಿದರೆ ನರಕ ಯಾಕೆ?” ಎಂದು ಮಕ್ಕಳು ನಗುವುದು ಸಹಜ.

ಆದರೆ ಗುಲಾಮಗಿರಿ ಸರಿಯೆಂದು ಹಕ್‌ಗೆ ಕಲಿಸಿದವರು ದೇವರಿಗೆ ಅಂಜುವ ಮರ್ಯಾದಸ್ಥರೇ. ಅವನ ಆತ್ಮಸಾಕ್ಷಿಯೂ ಅವರ ಮಾತನ್ನೇ ಆಡುತ್ತಿತ್ತು. ನಮ್ಮ ಊರುಗಳಲ್ಲೂ ಎಷ್ಟೋ ಸಜ್ಜನರು ಅಸ್ಪೃಶ್ಯತೆಯನ್ನು ಧರ್ಮವೆಂದೇ ನಂಬಿದ್ದರಲ್ಲವೇ? ಹಾಗಾದರೆ ಆತ್ಮಸಾಕ್ಷಿಯೇ ದಾರಿ ತಪ್ಪಿದಾಗ ತಿದ್ದುವವರು ಯಾರು?

ಹಕ್‌ನನ್ನು ತಿದ್ದಿದ್ದು ಉಪದೇಶವಲ್ಲ. ತೆಪ್ಪದ ಮೇಲೆ ತನ್ನನ್ನು ಎಬ್ಬಿಸದೆ ತನ್ನ ಸರದಿಯ ಕಾವಲನ್ನೂ ಕಾದ ಜಿಮ್‌ನ ನೆನಪು. ಮಕ್ಕಳು ಈ ಪಾಠದ ಮಾತೆತ್ತಿದಾಗ ನಾವೂ ಕೇಳಿನೋಡೋಣ: ನಮ್ಮ ಮನೆಯಲ್ಲಿ ಸರಿಯೆಂದು ನಡೆಯುವ ಯಾವುದು ನಿಮಗೆ ತಪ್ಪೆನಿಸುತ್ತದೆ?