ಹೊರೆಯಿಳಿಸುವ ಹಕ್ಕು

ಯಾವ ಸಂಘವೇ ಆಗಲಿ, ವರ್ಷಕ್ಕೊಮ್ಮೆ ತನ್ನ ಆರೋಗ್ಯವನ್ನು ತಾನೇ ವಿಚಾರಿಸಿಕೊಳ್ಳುವ ಪದ್ಧತಿಯುಂಟು. ಕಾರ್ಯದರ್ಶಿಗಳು ಎದ್ದು ವರದಿ ಓದುತ್ತಾರೆ, ಸದಸ್ಯರು ಇಷ್ಟು ಹೆಚ್ಚಿದರು, ಸಭೆಗಳು ಇಷ್ಟು ನಡೆದವು, ಕೈಯಲ್ಲಿ ಉಳಿದ ಹಣ ಇಷ್ಟು ಎನ್ನುತ್ತಾರೆ, ಚಪ್ಪಾಳೆಯಾಗುತ್ತದೆ, ವಂದನಾರ್ಪಣೆಯಾಗುತ್ತದೆ. ವರದಿಯಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಆ ಸಂಘದಲ್ಲಿ ಕುರ್ಚಿ ಹಾಕುವವನೂ ಪತ್ರ ಬರೆಯುವವನೂ ಲೆಕ್ಕ ಇಡುವವನೂ ಒಬ್ಬನೇ ಆಗಿದ್ದು, ಅವನು ಹತ್ತು ವರ್ಷಗಳಿಂದ ಬಿಡುವು ಕಂಡಿಲ್ಲವೆಂಬ ಸಂಗತಿ ಆ ವರದಿಯ ಯಾವ ಪುಟದಲ್ಲಿಯೂ ಬರುವುದಿಲ್ಲ. ಕೂಲಿಗಾಗಿ ನಡೆಯದೆ ಪ್ರೀತಿಯಿಂದ ನಡೆಯುವ ಕೆಲಸದ ಆರೋಗ್ಯವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಈ ಪ್ರಶ್ನೆ ಇಂದು ಬಹಳ ತೀಕ್ಷ್ಣವಾಗಿ ಎದ್ದಿರುವುದು ಮುಕ್ತ ತಂತ್ರಾಂಶದ ಲೋಕದಲ್ಲಿ. ಗಣಕಯಂತ್ರಕ್ಕೆ ಕೊಡುವ ಸೂಚನೆಗಳ ಬರಹವನ್ನು ಗುಟ್ಟಾಗಿಡದೆ, ಯಾರು ಬೇಕಾದರೂ ಓದಲಿ, ತಿದ್ದಲಿ, ಬಳಸಲಿ, ಹಂಚಲಿ ಎಂದು ತೆರೆದಿಡುವವರ ಬಳಗಗಳು ಇವು. ಒಂದು ಬಳಗದವರೆಲ್ಲ ಒಂದೇ ಊರಿನವರಲ್ಲ, ಒಂದೇ ದೇಶದವರೂ ಅಲ್ಲ. ಎಷ್ಟೋ ಜನ ಒಬ್ಬರ ಮುಖವನ್ನು ಇನ್ನೊಬ್ಬರು ಕಂಡವರೇ ಅಲ್ಲ. ಕಂಪನಿಗಳಿಂದ ಸಂಬಳ ಪಡೆದು ಈ ಕೆಲಸ ಮಾಡುವವರು ಉಂಟು. ಹಗಲಿನ ಉದ್ಯೋಗ ಮುಗಿಸಿ, ರಾತ್ರಿ ಮನೆಯಲ್ಲಿ ಕುಳಿತು, ಯಾರಿಂದಲೂ ಏನೂ ಪಡೆಯದೆ ಮಾಡುವವರೂ ಉಂಟು. ಇದೆಲ್ಲ ದೂರದ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್ ಇಂಥ ಬಳಗದ ಕೃತಿ. ಆ ಫೋನಿನಲ್ಲಿ ‘ಸ್ವಾತಂತ್ರ್ಯ’ ಎಂಬ ಪದ ಒಡೆಯದೆ, ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತು ಕಾಣುವಂತೆ ಮಾಡುವ ಹಾರ್ಫ್‌ಬಝ್ ಎಂಬ ತಂತ್ರಾಂಶವೂ ಅಂಥದೇ. ನಾವು ದಿನವೂ ಉಣ್ಣುತ್ತಿರುವ ಅನ್ನ ಇದು. ಬಡಿಸಿದವರ ಹೆಸರು ತಿಳಿಯದು, ಅಷ್ಟೆ.

ಈ ಬಳಗಗಳೂ ತಮ್ಮ ಆರೋಗ್ಯವನ್ನು ವರ್ಷವರ್ಷವೂ ಲೆಕ್ಕ ಹಾಕಿಕೊಳ್ಳುತ್ತವೆ. ಅದಕ್ಕೆ ಬೇಕಾದ ಅಳತೆಗಳನ್ನು ರೂಪಿಸಲೆಂದೇ 2017ರಲ್ಲಿ ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿ ಕೇಯಾಸ್ ಎಂಬ ಕೂಟವೊಂದು ಹುಟ್ಟಿತು. ಹೊಸಬರು ಎಷ್ಟು ಮಂದಿ ಬಂದರು, ಕೇಳಿದ ಪ್ರಶ್ನೆಗೆ ಉತ್ತರ ಬರಲು ಎಷ್ಟು ದಿನ ಹಿಡಿಯಿತು ಎಂಬಂಥ ಲೆಕ್ಕಗಳು ಅದರಲ್ಲಿವೆ. ಇವುಗಳ ನಡುವೆ ಒಂದು ವಿಚಿತ್ರವಾದ ಅಳತೆಯೂ ಇದೆ. ಬಳಗದ ಎಷ್ಟು ಮಂದಿ ಬಸ್ಸಿನಡಿಗೆ ಸಿಕ್ಕಿದರೆ ಕೆಲಸ ನಿಂತುಹೋಗುತ್ತದೆ ಎಂಬ ಸಂಖ್ಯೆಗೆ ಈ ಕಸುಬಿನವರು ‘ಬಸ್ಸಿನ ಸಂಖ್ಯೆ’ ಎಂದು ಬಹುಕಾಲದಿಂದ ಕರೆಯುತ್ತಿದ್ದರು. ಮಾತು ಕ್ರೂರವಾಯಿತೆಂದೋ ಏನೋ, ಕೇಯಾಸ್ ಕೂಟ ಅದರ ಹೆಸರು ಬದಲಿಸಿ ‘ಗೈರುಹಾಜರಿ’ಯ ಅಳತೆ ಎಂದಿತು. ಈ ಹೊಸ ಹೆಸರೇ ಸತ್ಯಕ್ಕೆ ಹತ್ತಿರ. ಮನುಷ್ಯ ಕೆಲಸ ಬಿಡುವುದಕ್ಕೆ ಸಾಯಲೇಬೇಕೆ? ಮದುವೆಯಾಗುತ್ತದೆ, ಮಗು ಹುಟ್ಟುತ್ತದೆ, ತಾಯಿಗೆ ಕಾಯಿಲೆಯಾಗುತ್ತದೆ. ಇವೊಂದೂ ಇಲ್ಲದೆ ಸುಮ್ಮನೆ ಬೇಸರವೂ ಆಗುತ್ತದೆ. ಆ ಸಂಖ್ಯೆ ಒಂದು ಎಂದಾದರೆ, ಆ ಒಬ್ಬನಿಗೆ ಬೇಸರಪಡುವ ಸ್ವಾತಂತ್ರ್ಯವೂ ಇಲ್ಲವೆಂದು ಅರ್ಥ.

ಬಳಕೆದಾರರ ಸಂಖ್ಯೆಯೇ ಆರೋಗ್ಯವಾಗಿದ್ದರೆ ಓಪನ್ ಎಸ್‌ಎಸ್‌ಎಲ್‌ನಷ್ಟು ಆರೋಗ್ಯವಂತ ತಂತ್ರಾಂಶ ಇನ್ನೊಂದು ಇರಲಿಲ್ಲ. ಅಂತರಜಾಲದಲ್ಲಿ ನಾವು ಕಳಿಸುವ ಗುಟ್ಟಿನ ಪದ, ಬ್ಯಾಂಕಿನ ವ್ಯವಹಾರ ಮುಂತಾದುವನ್ನು ಪರರ ಕಣ್ಣಿಗೆ ಬೀಳದಂತೆ ಕಾಯುವ ಕೆಲಸ ಅದರದು; ಲೋಕದ ದೊಡ್ಡ ದೊಡ್ಡ ಕಂಪನಿಗಳೆಲ್ಲ ಅದನ್ನು ಬಳಸುತ್ತಿದ್ದುವು. 2014ರ ಏಪ್ರಿಲ್ 7ರಂದು ಅದರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಇರುವುದು ಬಯಲಾಯಿತು. ಎರಡು ವರ್ಷಗಳಿಂದ ಅದು ಅಲ್ಲಿಯೇ ಇದ್ದಿತು. ಬರಹ ಎಲ್ಲರ ಕಣ್ಣೆದುರಿಗೆ ತೆರೆದೇ ಇದ್ದಿತು. ನೋಡಿದವರು ಮಾತ್ರ ಯಾರೂ ಇರಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿದದ್ದೇನು? ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರು. ಪೂರ್ಣಕಾಲ ಅದಕ್ಕೆಂದೇ ದುಡಿಯುತ್ತಿದ್ದವನು ಒಬ್ಬನೇ. ಕಂಪನಿಗಳು ಬೆಚ್ಚಿಬಿದ್ದು ಅದೇ ತಿಂಗಳು ಒಟ್ಟಿಗೆ ಸೇರಿ ಒಂದು ನಿಧಿಯನ್ನು ಘೋಷಿಸಿದುವು. ಅಷ್ಟಕ್ಕೆ ಲೋಕ ತನ್ನ ಋಣ ತೀರಿತೆಂದು ನೆಮ್ಮದಿಯಿಂದ ನಿದ್ದೆ ಹೋಯಿತು.

ಹತ್ತು ವರ್ಷದ ಮೇಲೆ ನಡೆದ ಸಂಗತಿ ಇದಕ್ಕಿಂತ ಗಂಭೀರವಾದುದು. ಕಡತಗಳನ್ನು ಕುಗ್ಗಿಸಿ ಚಿಕ್ಕದು ಮಾಡುವ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶ ಹೆಚ್ಚುಕಡಮೆ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವನು ಒಬ್ಬನೇ. 2022ರಲ್ಲಿ ಅಪರಿಚಿತರು ಅವನಿಗೆ ಪತ್ರದ ಮೇಲೆ ಪತ್ರ ಬರೆದು ಪೀಡಿಸಿದರು: ಕೆಲಸ ಏಕೆ ನಿಧಾನ? ನಿನ್ನಿಂದಾಗದಿದ್ದರೆ ಬೇರೆಯವರಿಗೆ ಏಕೆ ಬಿಡಬಾರದು? ತನ್ನ ಶಕ್ತಿ ಕುಗ್ಗಿದೆ, ಇದು ಕೂಲಿಯಿಲ್ಲದ ಹವ್ಯಾಸದ ಕೆಲಸ ಎಂದು ಆತ ವಿನಯದಿಂದಲೇ ನೆನಪಿಸಿದ. ಅದಕ್ಕೆ ಮುಂಚೆಯೇ, 2021ರಿಂದ, ಒಬ್ಬ ಸಹಾಯಕ ಬಳಿಸಾರಿದ್ದ. ಮೃದುವಾದ ಮಾತು, ಅಚ್ಚುಕಟ್ಟಾದ ಕೆಲಸ. ಬಳಲಿದ್ದವನು ಅವನನ್ನು ನಂಬಿ ಕೀಲಿಕೈ ಕೊಟ್ಟ. 2024ರ ಫೆಬ್ರವರಿಯಲ್ಲಿ ಆ ಸಹಾಯಕ ಹೊರತಂದ ಹೊಸ ಆವೃತ್ತಿಯೊಳಗೆ ಕಳ್ಳಬಾಗಿಲೊಂದನ್ನು ಅಡಗಿಸಿದ್ದ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ದೂರದ ಯಂತ್ರವನ್ನು ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಹುಡುಕಹೊರಟು, ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಅನರ್ಥ ಹರಡುವ ಮುನ್ನ ತಪ್ಪಿತು. ಪೀಡಿಸಿದ ಆ ಪತ್ರಗಳೂ ಅದೇ ಸಂಚಿನ ಭಾಗವಾಗಿದ್ದಿರಬೇಕೆಂದು ಬಲ್ಲವರು ಸಂದೇಹಪಡುತ್ತಾರೆ.

ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. ಆ ಸುಳ್ಳು ಪತ್ರಗಳು ಯಾರಿಗೂ ಸುಳ್ಳೆಂದು ತೋರಲಿಲ್ಲವೇಕೆ? ನಿಜವಾದ ಪತ್ರಗಳೂ ಹಾಗೆಯೇ ಇರುತ್ತವೆಯಾದುದರಿಂದ. ದಾನಕ್ಕೆ ಬಂದ ಹಸುವಿನ ಹಲ್ಲೆಣಿಸಬಾರದೆಂಬ ಗಾದೆ ನಮಗೆಲ್ಲ ತಿಳಿದದ್ದೆ, ಪಾಲಿಸುವವರು ಕಡಮೆ. ಪುಕ್ಕಟೆಯಾಗಿ ಪಡೆದವರೇ ಗದರಿಸಿ ಕೇಳುವುದು ಆ ಲೋಕದಲ್ಲಿ ನಿತ್ಯದ ನಡವಳಿಕೆ. ಕಳ್ಳ ತನಗೆ ಬೇಕಾದ ವೇಷವನ್ನು ಹೊಸದಾಗಿ ಹೊಲಿಸಬೇಕಾಗಿರಲಿಲ್ಲ. ನಮ್ಮ ಕೃತಘ್ನತೆಯೇ ಸಿದ್ಧವಾಗಿತ್ತು, ತೊಟ್ಟುಕೊಂಡ.

ಇದಕ್ಕೊಂದು ಸಮಾಧಾನ ಹೇಳುವವರಿದ್ದಾರೆ. ‘ಹೊರೆಯನ್ನು ಹೊತ್ತುಕೋ ಎಂದು ಅವನಿಗೆ ಯಾರು ಹೇಳಿದರು? ತಾನೇ ಹೊತ್ತ, ತಾನೇ ಕೊಟ್ಟ. ಬೆಲೆಯಿಲ್ಲದೆ ಕೊಟ್ಟದ್ದಕ್ಕೆ ಋಣವೆಲ್ಲಿಯದು?’ ಮಾತಿನಲ್ಲಿ ಹುರುಳಿದೆ. ಕೊಟ್ಟು ಲೆಕ್ಕವಿಡುವುದು ವ್ಯಾಪಾರವಾಗುತ್ತದೆಯೇ ಹೊರತು ದಾನವಾಗುವುದಿಲ್ಲ. ಆದರೆ ಈ ತಂತ್ರಾಂಶಗಳ ಜೊತೆಯಲ್ಲಿ ಬರುವ ಪರವಾನಗಿ ಪತ್ರವನ್ನು ಪೂರ್ತಿಯಾಗಿ ಓದಬೇಕು. ಇದನ್ನು ಸ್ವೇಚ್ಛೆಯಾಗಿ ಬಳಸಬಹುದು ಎನ್ನುವ ಪತ್ರವೇ, ಇದು ಕೆಲಸಮಾಡೀತೆಂಬ ಭರವಸೆ ಕೊಟ್ಟವನದಲ್ಲ ಎಂದೂ ಹೇಳುತ್ತದೆ. ಅಂದರೆ ಪಡೆದವನಿಗೆ ಋಣವಿಲ್ಲದಿದ್ದರೆ ಹಕ್ಕೂ ಇಲ್ಲ. ಮೊದಲರ್ಧವನ್ನು ಹಿಡಿದು ಎರಡನೆಯ ಅರ್ಧವನ್ನು ಮರೆಯುವುದು ನ್ಯಾಯವಲ್ಲ.

ಇದಕ್ಕಿಂತ ಆಳವಾದ ಇನ್ನೊಂದು ಭ್ರಾಂತಿಯಿದೆ. ಅದು ನಮ್ಮ ಸಂಸ್ಕಾರದಲ್ಲಿಯೇ ಬಂದದ್ದು. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂಬುದು ಗೀತೆಯ ಉಪದೇಶ. ಅದು ಯಾರಿಗೆ ಹೇಳಿದ ಮಾತು? ಕರ್ಮ ಮಾಡುವವನಿಗೆ. ಅವನು ತನ್ನ ಮನಸ್ಸಿಗೆ ತಾನು ಹೇಳಿಕೊಂಡಾಗ ಅದು ತಪಸ್ಸು. ಅದನ್ನೇ ಪಕ್ಕದಲ್ಲಿ ಕುಳಿತು ಫಲ ತಿನ್ನುತ್ತಿರುವವನು ಹೇಳಿದಾಗ ಅದು ಕೇವಲ ಜಿಪುಣತನ. ‘ಅವರು ಯಾವುದನ್ನೂ ಬಯಸದ ದೊಡ್ಡ ಮನುಷ್ಯರು’ ಎಂದು ಹೊಗಳಿ, ಆ ಹೊಗಳಿಕೆಯಿಂದಲೇ ಮನುಷ್ಯನನ್ನು ನೊಗಕ್ಕೆ ಕಟ್ಟುವ ಉಪಾಯ ನಮಗೆ ಚೆನ್ನಾಗಿ ಗೊತ್ತು. ಎಷ್ಟು ಮನೆಗಳಲ್ಲಿ ಹೆಂಗಸರನ್ನು ಹೀಗೆ ಹೊಗಳಿಲ್ಲ? ಕೊಡುವವನ ಧರ್ಮ ನಿಷ್ಕಾಮವಾದರೆ, ಪಡೆಯುವವನ ಧರ್ಮ ಗಮನ. ಒಬ್ಬನ ಧರ್ಮವನ್ನು ಇನ್ನೊಬ್ಬನು ತನ್ನ ಅನುಕೂಲಕ್ಕೆ ಎರವಲು ಪಡೆಯುವಂತಿಲ್ಲ.

ಹಾಗಾದರೆ ಕೊಡುವವನು ಯಾವಾಗ ಬೇಕಾದರೂ ಎದ್ದು ಹೋಗಬಹುದೆ? ಕೋಟ್ಯಂತರ ಜನ ನೆಚ್ಚಿಕೊಂಡಿರುವಾಗ ಕೈಬಿಡುವುದು ಧರ್ಮವೆ? ಹೋಗಬಹುದು ಎಂದೇ ನನ್ನ ಅಭಿಪ್ರಾಯ. ನಿಲ್ಲಿಸಲಾಗದ ದಾನ ಜೀತಕ್ಕೆ ಸಮಾನ. ಆದರೆ ಹೋಗುವುದಕ್ಕೂ ಒಂದು ರೀತಿಯಿದೆ: ಹೇಳಿ ಹೋಗಬೇಕು, ಒಪ್ಪಿಸಿ ಹೋಗಬೇಕು. ಒಪ್ಪಿಸಿಕೊಳ್ಳಲು ಆಳೊಬ್ಬನಿರುವಂತೆ ನೋಡಿಕೊಳ್ಳುವುದು ಅವನೊಬ್ಬನ ಹೊಣೆಯಲ್ಲ, ಬಳಗದ್ದು.

ಇದನ್ನು ಅರಿತು ಏರ್ಪಾಡು ಮಾಡಿಕೊಂಡವರೂ ಇದ್ದಾರೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಬಳಗವನ್ನು ನೋಡಿ. ಅಲ್ಲಿ ತಾನು ನೋಡಿಕೊಳ್ಳುತ್ತಿದ್ದ ತಂತ್ರಾಂಶವನ್ನು ಇನ್ನು ನೋಡಿಕೊಳ್ಳಲಾರೆ ಎನ್ನುವವನು ಅದನ್ನು ‘ಅನಾಥ’ ಎಂದು ಬಹಿರಂಗವಾಗಿ ಸಾರಬಹುದು. ಅದಕ್ಕೂ ಮುನ್ನ ‘ದತ್ತು ಬೇಕಾಗಿದೆ’ ಎಂದೋ ‘ಸಹಾಯ ಬೇಕಾಗಿದೆ’ ಎಂದೋ ಕೇಳಬಹುದು. ಇವೆಲ್ಲ ಒಂದು ಪಟ್ಟಿಯಾಗಿ ಎಲ್ಲರಿಗೂ ಕಾಣುವಂತೆ ಇರುತ್ತವೆ. ಕೇಳುವುದರಲ್ಲಿ ನಾಚಿಕೆಯಿಲ್ಲ, ಏಕೆಂದರೆ ಕೇಳುವುದಕ್ಕೆ ನಿಯಮವಿದೆ. ಸದ್ದಿಲ್ಲದೆ ಮರೆಯಾದವರನ್ನು ವಿಚಾರಿಸಲು ಒಂದು ತಂಡವಿದೆ. ನಿವೃತ್ತರಾಗುವವರಿಗೆ ಗೌರವದ ಹೆಸರಿದೆ. ಮರಳಿ ಬರಬೇಕೆನಿಸಿದರೆ ದಾರಿಯೂ ಇದೆ. ನಾಯಕನನ್ನು ಪ್ರತಿವರ್ಷವೂ ಮತ ಹಾಕಿ ಆರಿಸುತ್ತಾರೆ. 2019ರಲ್ಲಿ ಗೊತ್ತಾದ ಅವಧಿಯೊಳಗೆ ಒಬ್ಬರೂ ನಾಯಕತ್ವಕ್ಕೆ ಮುಂದೆ ಬರಲಿಲ್ಲ. ನಿಯಮದಂತೆ ಒಂದು ವಾರ ಹೆಚ್ಚಿಗೆ ಕಾದರು. ಆಮೇಲೆ ಅಭ್ಯರ್ಥಿಗಳು ಬಂದರು, ಚುನಾವಣೆ ನಡೆಯಿತು. ಆ ಖಾಲಿ ಪಟ್ಟಿಯನ್ನು ಕಂಡು ಕೆಲವರು ಬಳಗ ಸಾಯುತ್ತಿದೆಯೆಂದರು. ನನಗೆ ಹಾಗೆ ತೋರುವುದಿಲ್ಲ. ಹೊರೆ ಭಾರವಾಗಿದೆಯೆಂದು ಎಲ್ಲರೂ ಒಮ್ಮೆಗೇ ಒಪ್ಪಿಕೊಳ್ಳಬಲ್ಲ ಮನೆ ಗಟ್ಟಿಯಾದ ಮನೆ.

ಪೈಥಾನ್ ಭಾಷೆಯನ್ನು ಸೃಷ್ಟಿಸಿದ ಗೀಡೊ ವಾನ್ ರಾಸಮ್ ಅವರಿಗೆ ಅವರ ಬಳಗ ತಮಾಷೆಯಾಗಿ ‘ಆಜೀವ ಹಿತಕಾರಿ ಸರ್ವಾಧಿಕಾರಿ’ ಎಂಬ ಬಿರುದು ಕೊಟ್ಟಿತ್ತು. 2018ರ ಜುಲೈಯಲ್ಲಿ, ಕಟುವಾದ ಒಂದು ವಾದದ ಬಳಿಕ, ಅವರು ದಣಿದೆನೆಂದು ಹೇಳಿ ಆ ಪದವಿಯನ್ನು ಬಿಟ್ಟರು, ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ಬಳಗ ತಿಂಗಳುಗಟ್ಟಲೆ ಚರ್ಚಿಸಿ, ಮತ ಹಾಕಿ, 2019ರಲ್ಲಿ ಐವರ ಮಂಡಳಿಯನ್ನು ಆರಿಸಿಕೊಂಡಿತು. ಭಾಷೆ ಉಳಿಯಿತು, ಮನುಷ್ಯನೂ ಉಳಿದ.

ಹಣ ಬೇಡವೆನ್ನುವುದು ನನ್ನ ಮಾತಲ್ಲ. ಕೆರೆ ಕಟ್ಟಿಸಿದವನ ಪುಣ್ಯವನ್ನು ನಮ್ಮ ಶಾಸನಗಳು ಬಾಯ್ತುಂಬ ಹೊಗಳುತ್ತವೆ. ಆದರೆ ಹಿರಿಯರು ಹೊಗಳಿ ಸುಮ್ಮನಾಗಲಿಲ್ಲ. ಕೆರೆಯ ರಕ್ಷಣೆಗೆಂದು ಭೂಮಿಯನ್ನು ಬಿಟ್ಟರು. ಅದಕ್ಕೆ ‘ಬಿತ್ತುವಟ್ಟ’ವೆಂದು ಹೆಸರಿಟ್ಟು ಕಲ್ಲಿನಲ್ಲಿ ಕೆತ್ತಿಸಿದರು. ಕಟ್ಟುವುದು ಒಂದು ದಿನದ ಉತ್ಸಾಹ, ಹೂಳೆತ್ತುವುದು ಪ್ರತಿವರ್ಷದ ಕೆಲಸ ಎಂಬುದು ಅವರಿಗೆ ತಿಳಿದಿತ್ತು. ಆದರೆ ಹಣ ಕಣ್ಣಿಗೆ ಕಾಣುವ ಕಡೆಗೆ ಹರಿಯುತ್ತದೆ. 2014ರ ನಿಧಿಯ ಬಳಿಕವೂ ಎಕ್ಸ್‌ಝಡ್‌ನ ಒಂಟಿ ಮನುಷ್ಯ ಒಂಟಿಯಾಗಿಯೇ ಇದ್ದ. ಅವನಿಗೆ ಹಣದಷ್ಟೇ ಅಗತ್ಯವಾಗಿ ಬೇಕಾಗಿದ್ದುದು, ತಾನಾಗಿ ಬಂದು ‘ಈ ತಿಂಗಳು ನಾನು ನೋಡಿಕೊಳ್ಳುತ್ತೇನೆ, ನೀನು ಮಲಗು’ ಎನ್ನುವ ಒಬ್ಬ ಪ್ರಾಮಾಣಿಕ. ಆ ಮಾತನ್ನು ಹೇಳಿದವನು ಕಳ್ಳನೊಬ್ಬನೇ ಆದದ್ದು ಈ ಕಾಲದ ದೊಡ್ಡ ನಾಚಿಕೆ.

ಆದ್ದರಿಂದ ವರ್ಷದ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಈ ವರ್ಷ ಯಾರು ರಜೆ ಹಾಕಿದರು? ಅವರಿಲ್ಲದಾಗ ಕೆಲಸ ನಡೆಯಿತೆ? ಯಾರು ಬಿಟ್ಟುಹೋದರು, ಹೋದವರು ನಗುತ್ತಾ ಹೋದರೆ? ಆಗಲಾರದೆಂದು ಹೇಳಿದವನ ಮಾತನ್ನು ಯಾರಾದರೂ ಕೇಳಿಸಿಕೊಂಡರೆ? ಬಂದವರ ಎಣಿಕೆ ಬೆಳವಣಿಗೆಯನ್ನು ತಿಳಿಸೀತು. ಆರೋಗ್ಯವನ್ನು ತಿಳಿಸುವುದು ಈ ಪ್ರಶ್ನೆಗಳಿಗೆ ಬರುವ ಉತ್ತರ. ತಂತ್ರಾಂಶದ ಬಳಗಗಳು ಇವನ್ನು ಕೇಳಿಕೊಳ್ಳತೊಡಗಿವೆ. ಅವರ ಅನ್ನವನ್ನು ಉಣ್ಣುವ ನಾವೂ ಕೇಳುವುದನ್ನು ಕಲಿತರೆ ತಪ್ಪಲ್ಲ.